ಡ್ರಾಯರ್‌ನಲ್ಲಿದ್ದ ಕೆಳಗಿನ ಸೆಟ್ಟು

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ ಇತ್ತು. ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಅಮ್ಮನ ಪಕ್ಕ ಕೂತಿದ್ದೆ. ಎಲೆಗೆ ಉಪ್ಪು, ಕೋಸಂಬರಿ, ಹುರುಳಿಕಾಯಿ ಪಲ್ಯ ಬಿದ್ದವು. ಅಮ್ಮ ಆ ಕಡೆ ಈ ಕಡೆ ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಕೆಳಗಿನ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಮೆಲ್ಲಗೆ ತೆಗೆದು ಕರ್ಚೀಫಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅನ್ನ ಸಾರನ್ನು ಚೆನ್ನಾಗಿ ಕಿವುಚಿ ಉಣ್ಣತೊಡಗಿದಳು. ಕೋಸಂಬರಿ ಎಲೆಯ ಮೇಲೆ ಹಾಗೇ ಉಳಿಯಿತು. ಊಟ ಮುಗಿದು ಕೈ ತೊಳೆಯುವ ಜಾಗಕ್ಕೆ ಹೋದಾಗ, ಗೋಡೆ ಕಡೆ ತಿರುಗಿ ಸೆಟ್ಟನ್ನು ತೊಳೆದು ಮತ್ತೆ ಹಾಕಿಕೊಂಡಳು. ಹತ್ತು ನಿಮಿಷಕ್ಕೆ ಮದುಮಕ್ಕಳ ಜೊತೆ ಫೋಟೋ ಇತ್ತು. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಅಮ್ಮ ಅದರಲ್ಲಿ ತುಂಬ ಚೆನ್ನಾಗಿ ಕಾಣುತ್ತಾಳೆ.

ತಿನ್ನಲಿ ಅಂತ ನಾವು ಮಾಡಿಸಿಕೊಟ್ಟಿದ್ದು ಅದು. ತಿನ್ನುವಾಗಲೇ ಅವಳು ಅದನ್ನು ತೆಗೆದಿಡುತ್ತಿದ್ದಳು. ಎರಡು ವರ್ಷದಿಂದ ಹೀಗೇ ಅಂತ ಆಮೇಲೆ ಗೊತ್ತಾಯಿತು. ಊರಿಗೆ ಹೋದಾಗ ನೋಡಿದರೆ, ಮೇಲಿನ ಸೆಟ್ಟು ಮಾತ್ರ ಬಾಯಲ್ಲಿ. ಕೆಳಗಿನದು ಹೊಲಿಗೆ ಮಿಷನ್ನಿನ ಡ್ರಾಯರ್‌ನಲ್ಲಿ, ಬಾಬಿನ್‌ಗಳು ಮತ್ತು ಗುಂಡಿಗಳ ಜೊತೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ. "ಯಾಕಮ್ಮ ಹಾಕ್ಕೊಳಲ್ಲ?" ಅಂದೆ. "ಹಾಕ್ಕೊತೀನಲ್ಲ, ಎಲ್ಲಾದ್ರೂ ಹೋಗುವಾಗ" ಅಂದಳು. ಅಷ್ಟೇ. ಮಾತು ಬೇರೆ ಕಡೆ ಹೋಯಿತು. ಆದರೆ ಆ ಡಬ್ಬಿ ನನ್ನ ತಲೆಯಿಂದ ಹೋಗಲಿಲ್ಲ. ಆಮೇಲೆ ನಾನು ಯೋಚಿಸಿದ್ದು, ಓದಿದ್ದು, ಅಣ್ಣನ ಜೊತೆ ಜಗಳ ಆಡಿದ್ದು ಎಲ್ಲವೂ ಆ ಡಬ್ಬಿಯಿಂದಲೇ ಶುರುವಾಯಿತು.

ನನ್ನ ಒಂದು ಹಲ್ಲು

ನನ್ನ ಕಥೆಯನ್ನು ಇಲ್ಲಿ ಹೇಳಲೇಬೇಕು. ನನಗೆ 44 ವರ್ಷ. ಕೆಳಗಿನ ಬಲಗಡೆ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಅದು ಬಿರುಕು ಬಿಟ್ಟು ಕೀಳಿಸಬೇಕಾಯಿತು. ಹಿಂದಿನ ಹಲ್ಲು ತಾನೇ, ಯಾರಿಗೂ ಕಾಣೋದಿಲ್ಲ ಅಂತ ಎರಡು ವರ್ಷ ಸುಮ್ನೆ ಬಿಟ್ಟೆ. ಹಾಗೆ ಬಿಟ್ಟರೆ ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ. ಮೇಲಿನ ಹಲ್ಲು ಎದುರಿಗೆ ತಡೆಯಿಲ್ಲದೆ ಕೆಳಗಿಳಿಯುತ್ತದೆ. ನನಗೆ ಎರಡೂ ಸ್ವಲ್ಪ ಸ್ವಲ್ಪ ಆಗಿದ್ದವು. ಡಾಕ್ಟರ್ ಮೂರು ದಾರಿ ಹೇಳಿದರು. ತೆಗೆದು ಹಾಕುವ ಒಂದು ಹಲ್ಲು. ಇಲ್ಲವೇ ಅಕ್ಕಪಕ್ಕದ ಎರಡು ಹಲ್ಲನ್ನು ಅರೆದು, ಅವುಗಳ ಮೇಲೆ ಕೂರಿಸುವ ಬ್ರಿಡ್ಜ್. ಇಲ್ಲವೇ ಇಂಪ್ಲಾಂಟ್, ಅಂದರೆ ದವಡೆ ಮೂಳೆಯೊಳಗೆ ಟೈಟೇನಿಯಂ ತಿರುಪು ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸುವುದು. ಚೆನ್ನಾಗಿರುವ ಎರಡು ಹಲ್ಲನ್ನು ಅರೆಯಲು ಮನಸ್ಸು ಬರಲಿಲ್ಲ. ಇಂಪ್ಲಾಂಟ್ ಅಂದೆ. ಕ್ಯಾಪ್ ಸೇರಿ 38,000 ರೂಪಾಯಿ ಆಯಿತು. ನಿರ್ಧಾರ ಮಾಡಲು ನನಗೆ ಹಿಡಿದದ್ದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ಮನೆಯಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ.

ಅಮ್ಮನಿಗೆ ಇಂಪ್ಲಾಂಟ್ ಹಾಕಿಸಬಹುದಾ ಅಂತ ನಾನು ಬಾಯಿ ಬಿಟ್ಟಾಗ ಮಾತ್ರ ಎಲ್ಲರಿಗೂ ಪ್ರಶ್ನೆಗಳು ಬಂದವು. ಅತ್ತೆ ಕೇಳಿದರು, ದೊಡ್ಡಪ್ಪ ಕೇಳಿದರು, ಪಕ್ಕದ ಮನೆಯವರೂ ಕೇಳಿದರು. "ಈ ವಯಸ್ಸಲ್ಲಿ ಯಾಕೆ?" ಅಮ್ಮನಿಗೆ 69. ಬೆಳಿಗ್ಗೆ ಐದೂವರೆಗೆ ಏಳುತ್ತಾಳೆ. ತೋಟಕ್ಕೆ ಹೋಗಿ ಬರುತ್ತಾಳೆ. ಊರಿನ ಅರ್ಧ ಹೆಂಗಸರ ಬ್ಲೌಸು ಈಗಲೂ ಅವಳ ಮಿಷನ್ನಿನ ಮೇಲೆಯೇ ಹೊಲಿಯುವುದು. ಅವಳು ಇನ್ನು ಹದಿನೈದು ಇಪ್ಪತ್ತು ವರ್ಷ ದಿನಕ್ಕೆ ಮೂರು ಹೊತ್ತು ಉಣ್ಣಬೇಕು. ನನ್ನ ಬಾಯಲ್ಲಿ ಇನ್ನೂ 27 ಹಲ್ಲಿವೆ. ಒಂದು ಇಲ್ಲದಿದ್ದರೂ ನನ್ನ ಊಟ ನಡೆಯುತ್ತಿತ್ತು. ಬೇಕಾಗಿದ್ದು ಯಾರಿಗೆ? ಅದನ್ನು ನಾನು ನನ್ನ ಕ್ಯಾಪ್ ಕೂರಿಸಿಕೊಂಡು ಬಂದ ದಿನ ಯೋಚಿಸಲಿಲ್ಲ. ಅಂದು ರಾತ್ರಿ ಚಪಾತಿ ತಿಂದು ಖುಷಿಪಟ್ಟೆ, ಅಷ್ಟೇ.

ನಮ್ಮ ಅಜ್ಜಿಗೆ ಹಲ್ಲೇ ಇರಲಿಲ್ಲ. ನನಗೆ ನೆನಪಿರುವಾಗಿನಿಂದ ಅವರ ಬಾಯಿ ಬೋಳು. ಅವರು ಮುದ್ದೆ ಉಂಡರು. ಮುದ್ದೆಗೆ ಹಲ್ಲು ಬೇಕಿಲ್ಲ, ನುಂಗಿದರೆ ಆಯಿತು. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಬಾಯಿಗೆ ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿನ ಆ ಟಕ್ ಟಕ್ ಸದ್ದು ಇಲ್ಲದೆ ನನ್ನ ಬಾಲ್ಯ ಇಲ್ಲ. ಅಜ್ಜಿಯ ವಸಡು ಗಟ್ಟಿಯಾಗಿ ಕಲ್ಲಿನ ಹಾಗಿತ್ತು ಅಂತ ಮನೆಯಲ್ಲಿ ಹೇಳುತ್ತಾರೆ. ಬಹುಶಃ ಅದನ್ನು ನೋಡಿಯೇ ನಮಗೆ, ವಯಸ್ಸಾದರೆ ಹಲ್ಲು ಹೋಗುತ್ತೆ, ಹೋದರೆ ಹಾಗೇ ನಡೆಯುತ್ತೆ ಅಂತ ಮನಸ್ಸಿನಲ್ಲಿ ಕೂತಿರಬೇಕು. ಅಜ್ಜಿಗೆ ಏನು ತಿನ್ನುವ ಆಸೆ ಇತ್ತು, ಏನು ಬಿಟ್ಟರು ಅಂತ ನಮಗೆ ಗೊತ್ತಿಲ್ಲ.

ಬದು ಕರಗಿದ ಹಾಗೆ

ಮೇಲಿನ ಸೆಟ್ಟು ಕೂರುತ್ತೆ, ಕೆಳಗಿನದು ಕೂರಲ್ಲ. ಇದು ನಮ್ಮಮ್ಮನ ತೊಂದರೆ ಮಾತ್ರ ಅಂದುಕೊಂಡಿದ್ದೆ. ಅಲ್ಲವಂತೆ. ಮೇಲಿನ ಸೆಟ್ಟಿಗೆ ಇಡೀ ಅಂಗುಳ ಸಿಗುತ್ತದೆ. ಅಗಲವಾದ ಜಾಗ. ನಡುವೆ ತೆಳ್ಳಗೆ ಎಂಜಲು ನಿಂತು ಅದನ್ನು ಹೀರಿಕೊಂಡ ಹಾಗೆ ಹಿಡಿದಿಡುತ್ತದೆ. ಒದ್ದೆ ನೆಲದ ಮೇಲೆ ಸ್ಟೀಲ್ ತಟ್ಟೆ ಕಚ್ಚಿಕೊಳ್ಳುತ್ತಲ್ಲ, ಹಾಗೆ. ಕೆಳಗಿನದಕ್ಕೆ ಆ ಸೌಲಭ್ಯ ಇಲ್ಲ. ಕುದುರೆ ಲಾಳದ ಆಕಾರದ ಸಣ್ಣ ಪಟ್ಟಿ ಅದು. ನಡುವೆ ನಾಲಿಗೆ ಒಂದು ಕ್ಷಣ ಸುಮ್ಮನಿರುವುದಿಲ್ಲ. ಆಚೆಯಿಂದ ಕೆನ್ನೆ, ತುಟಿ ತಳ್ಳುತ್ತವೆ. ಮಾತಾಡಿದರೂ ಏಳುತ್ತದೆ, ಆಕಳಿಸಿದರೂ ಏಳುತ್ತದೆ. ಅದರ ಅಡಿಗೆ ಒಂದು ಹುರಿದ ಎಳ್ಳು ಸಿಕ್ಕಿದರೂ ಸಾಕು, ವಸಡು ಚುರ್ ಅನ್ನುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಮೂಳೆಯದು. ಹಲ್ಲಿನ ಬೇರು ಇರುವವರೆಗೆ ದವಡೆ ಮೂಳೆಗೆ ಕೆಲಸ ಇರುತ್ತದೆ. ಬೇರು ಹೋದ ಮೇಲೆ ಮೂಳೆ ಸವೆಯಲು ಶುರುವಾಗುತ್ತದೆ. ಹೊಲದ ಬದುವಿನ ಮೇಲೆ ಹುಲ್ಲು ಇರುವವರೆಗೆ ಬದು ನಿಲ್ಲುತ್ತೆ. ಹುಲ್ಲು ಕಿತ್ತು ನೋಡಿ, ನಾಲ್ಕು ಮಳೆಗೆ ಕರಗಿ ನೆಲಕ್ಕೆ ಸಮ ಆಗುತ್ತೆ. ದವಡೆಯಲ್ಲೂ ಆಗುವುದು ಅದೇ. ಮೊದಲ ವರ್ಷವೇ ಜಾಸ್ತಿ ಸವೆಯುತ್ತದೆ. ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಸೆಟ್ಟು ಹಾಕಿದವರನ್ನು ವರ್ಷಗಟ್ಟಲೆ ಗಮನಿಸಿ 1972ರಲ್ಲಿ ಬರೆದ ಒಂದು ಹೆಸರಾಂತ ಅಧ್ಯಯನದ ಪ್ರಕಾರ, ಕೆಳಗಿನ ದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಹಾಗಾಗಿ ಇವತ್ತು ಅಳತೆಗೆ ಸರಿಯಾಗಿ ಮಾಡಿದ ಸೆಟ್ಟು ನಾಲ್ಕು ವರ್ಷದ ಮೇಲೆ ಸಡಿಲ ಆದರೆ, ಸೆಟ್ಟು ಬದಲಾಗಿಲ್ಲ, ಅದರ ಕೆಳಗಿನ ನೆಲ ಬದಲಾಗಿದೆ ಅಂತ ಅರ್ಥ. ಅದಕ್ಕೇ ಆಗಾಗ ಒಳಗಡೆ ಪದರ ತುಂಬಿಸಿ ಅಳತೆ ಸರಿ ಮಾಡಿಸಬೇಕು. ಕೆಲವು ವರ್ಷ ಆದ ಮೇಲೆ ಹೊಸದೇ ಬೇಕಾಗುತ್ತದೆ. ನಮಗೆ ಸೆಟ್ಟು ಕೊಟ್ಟಾಗ ಯಾರೂ ಇದನ್ನು ಹೇಳಿರಲಿಲ್ಲ. ಒಂದು ಸಲ ಮಾಡಿಸಿದರೆ ಮುಗೀತು ಅಂತಲೇ ನಾವು ತಿಳಿದಿದ್ದೆವು.

ಇನ್ನೊಂದು ವಿಷಯ ಓದಿ ನನಗೆ ನಾಚಿಕೆ ಆಯಿತು. ಇಂಪ್ಲಾಂಟ್ ಹುಟ್ಟಿದ ಕಥೆ ಅದು. ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೊನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತೆ ಅಂತ ನೋಡುತ್ತಿದ್ದರು. ಅದಕ್ಕೆ ಟೈಟೇನಿಯಂನ ಒಂದು ಸಣ್ಣ ಕೊಳವೆ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ತನ್ನದೇ ಅನ್ನುವ ಹಾಗೆ ಹಿಡಿದುಕೊಂಡಿತ್ತು. 1965ರಲ್ಲಿ ಮೊದಲ ಸಲ ಒಬ್ಬ ಮನುಷ್ಯನಿಗೆ ಇದನ್ನು ಹಾಕಿದರು. ಅವರ ಹೆಸರು ಯೋಸ್ತಾ ಲಾರ್ಸನ್. ಹುಟ್ಟಿನಿಂದಲೇ ದವಡೆ ಸರಿ ಇರಲಿಲ್ಲ, ಕೆಳಗೆ ಹಲ್ಲಿರಲಿಲ್ಲ. ಅವರು 2006ರಲ್ಲಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷ, ಆ ಇಂಪ್ಲಾಂಟ್‌ಗಳು ಕೆಲಸ ಮಾಡಿದವು. ಅಂದರೆ ಈ ವಿದ್ಯೆ ಶುರುವಾಗಿದ್ದೇ ಬೋಳು ದವಡೆಯವರಿಗಾಗಿ. 27 ಹಲ್ಲು ಇಟ್ಟುಕೊಂಡ ನನ್ನಂಥವರ ಸರದಿ ಆಮೇಲೆ ಬಂದದ್ದು. ನಮ್ಮ ಮನೆಯಲ್ಲಿ ಅದು ಉಲ್ಟಾ ಆಗಿತ್ತು.

ಅಣ್ಣನ ಲೆಕ್ಕ, ನನ್ನ ಲೆಕ್ಕ

ಅಣ್ಣ ಮೈಸೂರಿನಲ್ಲಿದ್ದಾನೆ. ವಿಷಯ ಹೇಳಿದ ತಕ್ಷಣ, "ದುಡ್ಡಿನ ಮುಖ ನೋಡೋದು ಬೇಡ, ಮೇಲೆ ಕೆಳಗೆ ಎರಡೂ ಫಿಕ್ಸ್ ಮಾಡಿಸೋಣ" ಅಂದ. ಒಂದು ಕಡೆ ವಿಚಾರಿಸಿದೆವು. ಎರಡೂ ದವಡೆಗೆ ಇಂಪ್ಲಾಂಟ್ ಮೇಲೆ ಅಲುಗಾಡದ ಹಲ್ಲು ಕೂರಿಸಲು ನಾಲ್ಕೂವರೆ ಲಕ್ಷ ಹೇಳಿದರು. ಸಾಮಾನ್ಯವಾಗಿ ಹೆಲ್ತ್ ಇನ್ಶೂರೆನ್ಸ್ ಇಂಥದ್ದಕ್ಕೆ ಕೊಡುವುದಿಲ್ಲ. ಅಣ್ಣ ಎರಡು, ನಾನು ಎರಡೂವರೆ ಅಂತ ಹಂಚಿಕೊಂಡೆವು. ಆಮೇಲೆ ಅತ್ತಿಗೆ ಒಂದು ಮಾತು ಹೇಳಿದರು: "ಅತ್ತೆ ಶುಗರ್ ಎಷ್ಟಿದೆ ಅಂತ ನೋಡಿದ್ದೀರಾ?" ನೋಡಿರಲಿಲ್ಲ. ನೋಡಿಸಿದರೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯಲ್ಲಿ 9.1 ಇತ್ತು. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಯುವುದು ತಡ, ಸೋಂಕು ಹತ್ತುವ ಅಪಾಯ ಜಾಸ್ತಿ. ಇಂಪ್ಲಾಂಟಿಗೆ ಮೂಳೆ ಕಚ್ಚದೆ ಹೋಗಬಹುದು. ಮೊದಲು ಅದನ್ನು ಇಳಿಸಿ, ಆಮೇಲೆ ಮಾತು ಅಂದರು ಅತ್ತಿಗೆ. ನಾವು ವಿಚಾರಿಸಲು ಹೋದ ಕಡೆ ಶುಗರ್ ಬಗ್ಗೆ ಕೇಳಿರಲೇ ಇಲ್ಲ, ಬರೀ ಬೆಲೆ ಪಟ್ಟಿ ಕೊಟ್ಟಿದ್ದರು. ಮೈಯ ಮೂಳೆ ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೊಪೊರೋಸಿಸ್) ಮಾತ್ರೆ ಅಥವಾ ಇಂಜೆಕ್ಷನ್ ತಗೊಳ್ಳುವವರೂ ಅದನ್ನು ಮೊದಲೇ ಹೇಳಬೇಕು. ಅದರಲ್ಲಿ ಕೆಲವು ಔಷಧಿ ತಗೊಂಡವರಿಗೆ ದವಡೆಯ ಗಾಯ ಮಾಯದೆ ಕಷ್ಟ ಆಗಬಹುದು. ಬೀಡಿ ಸಿಗರೇಟು ಇದ್ದರೂ ಅಷ್ಟೇ, ಮುಚ್ಚಿಡಬಾರದು.

ಶುಗರ್ ಇಳಿಯಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ನಮಗೆ ಒಳ್ಳೆಯದೇ ಮಾಡಿತು. ಇಲ್ಲದಿದ್ದರೆ ಅವಸರದಲ್ಲಿ ದುಡ್ಡು ಕಟ್ಟಿಬಿಡುತ್ತಿದ್ದೆವು.

ದುಡ್ಡು ಇಲ್ಲದವರಿಗೆ ದಾರಿ ಇಲ್ಲ ಅಂತ ಅಲ್ಲ, ಇದನ್ನೂ ಬರೆಯಬೇಕು. ನಮ್ಮ ರಾಜ್ಯದಲ್ಲಿ ದಂತ ಕಾಲೇಜುಗಳು ಬೇಕಾದಷ್ಟಿವೆ. ಅಲ್ಲಿ ಕಡಿಮೆ ಖರ್ಚಿಗೆ ಸೆಟ್ಟು ಮಾಡಿಕೊಡುತ್ತಾರೆ. ವಿದ್ಯಾರ್ಥಿಗಳು ಮಾಡುವುದರಿಂದ ಐದಾರು ಸಲ ಹೋಗಬೇಕಾಗುತ್ತದೆ. ಆದರೆ ಮೇಲೆ ಪ್ರೊಫೆಸರ್ ನಿಂತು ನೋಡುತ್ತಾರೆ. ಅಳತೆಯನ್ನು ಎರಡು ಸಲ ತೆಗೆದು, ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ತೋರಿಸಿ, ಆಮೇಲೆ ಮುಗಿಸುತ್ತಾರೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಸೆಟ್ಟು ಕೊಡಲು ಸರ್ಕಾರ ದಂತಭಾಗ್ಯ ಅಂತ ಯೋಜನೆಯನ್ನೇ ತಂದಿತು. ನಿಧಾನವಾಗಿ, ಸರಿಯಾಗಿ ಮಾಡಿದ ಸೆಟ್ಟು ಸಾಕಷ್ಟು ಜನರಿಗೆ ಸಾಕಾಗುತ್ತದೆ. ನಮ್ಮ ದೊಡ್ಡಪ್ಪ ಹನ್ನೊಂದು ವರ್ಷದಿಂದ ಸೆಟ್ಟು ಹಾಕಿದ್ದಾರೆ. ಅವರು ನಿಪ್ಪಟ್ಟು ಮುರಿದುಕೊಂಡು ತಿನ್ನುವುದನ್ನು ನೋಡಿದ್ದೇನೆ. ಅವರ ಕೆಳದವಡೆಯ ಮೂಳೆ ಇನ್ನೂ ಎತ್ತರ ಇದೆ, ಅದು ಅವರ ಅದೃಷ್ಟ.

"ಅಮ್ಮ, ನಿಮಗೇನು ತೊಂದರೆ?"

ಶುಗರ್ 7.2ಕ್ಕೆ ಬಂದ ಮೇಲೆ ಸ್ನೇಹಿತೆಯೊಬ್ಬಳು ಹೇಳಿದ ಡಾಕ್ಟರ್ ಹತ್ತಿರ ಹೋದೆವು. ನಾನು, ಅಣ್ಣ, ಅಮ್ಮ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು ಆಕೆ. ಅಣ್ಣ ಶುರು ಮಾಡಿದ, ಫಿಕ್ಸ್ ಹಲ್ಲು, ಎಷ್ಟಾದರೂ ಪರವಾಗಿಲ್ಲ ಅಂತ. ನಾನೂ ಸೇರಿಸಿದೆ, ಅಮ್ಮನಿಗೆ ಕೊಬ್ಬರಿ ಅಂದರೆ ಪ್ರಾಣ, ತಿನ್ನೋಕೆ ಆಗ್ತಿಲ್ಲ ಅಂತ. ನಾವು ತಿಪಟೂರಿನ ಕಡೆಯವರು. ನಮ್ಮ ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಇದ್ದು, ನೀರು ಬತ್ತಿ, ಅಲ್ಲಾಡಿಸಿದರೆ ಒಳಗೆ ಗಿಟುಕು ಗುಡುಗುಡು ಅನ್ನುತ್ತೆ. ಅಮ್ಮ ಬೆಲ್ಲದ ಜೊತೆ ಕೊಬ್ಬರಿ ಚೂರು ಕಚ್ಚಿಕೊಂಡು ಮಿಷನ್ ತುಳಿಯುತ್ತಿದ್ದ ಚಿತ್ರ ನನ್ನ ಕಣ್ಣ ಮುಂದೆ ಇತ್ತು. ಅವಳು ಮತ್ತೆ ಕೊಬ್ಬರಿ ತಿನ್ನಬೇಕು. ನನ್ನ ಮಟ್ಟಿಗೆ ಇಡೀ ಓಡಾಟ ಅದಕ್ಕಾಗಿಯೇ.

ಡಾಕ್ಟರ್ ನಮ್ಮಿಬ್ಬರ ಮಾತು ಕೇಳಿಸಿಕೊಂಡರು. ಆಮೇಲೆ ತಮ್ಮ ಸ್ಟೂಲನ್ನು ಅಮ್ಮನ ಹತ್ತಿರ ಎಳೆದುಕೊಂಡು ಕೇಳಿದರು. "ಅಮ್ಮ, ನಿಮಗೇನು ತೊಂದರೆ? ನೀವು ಹೇಳಿ."

ಅಮ್ಮ ನಮ್ಮ ಮುಖ ನೋಡಿದಳು. "ಮೇಲಿಂದು ಚೆನ್ನಾಗೈತೆ ಮೇಡಂ. ಅದರ ತಂಟೆಗೆ ಹೋಗೋದು ಬ್ಯಾಡ. ಕೆಳಗಿಂದು ಎದ್ದು ಬರುತ್ತೆ."

"ತಿನ್ನುವಾಗಲಾ?"

"ತಿನ್ನೋದು ಹೆಂಗೋ ಆಗುತ್ತೆ. ಹಾಡುವಾಗ."

ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಪ್ರತಿ ಶನಿವಾರ ಸಂಜೆ ಆಂಜನೇಯನ ಗುಡಿಯಲ್ಲಿ ಹೆಂಗಸರ ಭಜನೆ ಇರುತ್ತದೆ. ಅಮ್ಮ ಮೂವತ್ತು ವರ್ಷದಿಂದ ಮುಂದಿನ ಸಾಲಿನಲ್ಲಿ ಕೂತು ಹೇಳಿಕೊಡುವವಳು. ಹೋಗುವುದು ಬಿಟ್ಟು ಒಂದೂವರೆ ವರ್ಷ ಆಗಿತ್ತಂತೆ. ಬಾಯಿ ತೆರೆದು ಎತ್ತರಕ್ಕೆ ಹೋದರೆ ಸೆಟ್ಟು ಏಳುತ್ತದೆ. ಹಾಕದೆ ಹೋದರೆ ಅಕ್ಷರ ಜಾರುತ್ತದೆ. ಒಂದು ಸಲ ಹಾಡಿನ ನಡುವೆ ಅದು ನಾಲಿಗೆ ಮೇಲೆ ಬಂದುಬಿಟ್ಟಿತಂತೆ. ಪಕ್ಕದವರು ನೋಡಿದರಂತೆ. ಮಂಡಿ ನೋವು ಅಂತ ಹೇಳಿ ಆವತ್ತಿನಿಂದ ನಿಂತಿದ್ದಾಳೆ. ನಾನು ವಾರಕ್ಕೆ ನಾಲ್ಕು ಸಲ ಫೋನ್ ಮಾಡುತ್ತೇನೆ. ಮಂಡಿಗೆ ಎಣ್ಣೆ ಕೂಡ ಕಳಿಸಿದ್ದೆ.

ನಾವು ಒಂದನೇ ಕ್ಲಾಸಿನಲ್ಲಿ ತ ಥ ದ ಧ ನ ದಂತ್ಯ ಅಂತ ಬಾಯಿಪಾಠ ಮಾಡಿದ್ದೇವಲ್ಲ, ಅದರ ಅರ್ಥ ನನಗೆ ಆ ಕುರ್ಚಿಯ ಪಕ್ಕದಲ್ಲಿ ನಿಂತಾಗ ಗೊತ್ತಾಯಿತು. ನಾಲಿಗೆ ಮೇಲಿನ ಹಲ್ಲಿಗೆ ತಾಗಿ ಹುಟ್ಟುವ ಅಕ್ಷರಗಳು. ದಾಸರ ಪದದಲ್ಲಿ, ದೇವರ ನಾಮದಲ್ಲಿ ಅವಿಲ್ಲದ ಸಾಲು ಎಲ್ಲಿದೆ? ಕೆಳಗಿನ ಸೆಟ್ಟು ಎದ್ದು ಅಡ್ಡ ಬಂದರೆ ನಾಲಿಗೆ ಅಲ್ಲಿಗೆ ಹೇಗೆ ಮುಟ್ಟಬೇಕು?

ಡಾಕ್ಟರ್ ಅಮ್ಮನ ಬೆರಳನ್ನೇ ಹಿಡಿದು ಅವಳ ಕೆಳದವಡೆಯ ಮೇಲೆ ಆಡಿಸಿದರು. "ನೋಡಿ, ಇಲ್ಲಿ ಹಿಂದೆ ಚಪ್ಪಟೆ ಆಗಿದೆ. ಮುಂದೆ ಇನ್ನೂ ಮೂಳೆ ಇದೆ." ಎಲ್ಲ ಹಲ್ಲೂ ಹೋದ ಮೇಲೂ ಕೆಳದವಡೆಯ ಮುಂಭಾಗದಲ್ಲಿ ಸಾಮಾನ್ಯವಾಗಿ ಮೂಳೆ ಉಳಿದಿರುತ್ತದಂತೆ. ಅಲ್ಲಿ ಎರಡು ಇಂಪ್ಲಾಂಟ್ ಹಾಕುವುದು. ಅದರ ತಲೆಯ ಮೇಲೆ ಗುಬಟು. ಸೆಟ್ಟಿನ ಒಳಗೆ ಅದಕ್ಕೆ ಸರಿಯಾದ ಬಟ್ಟಲು. ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಡಾಕ್ಟರ್ ಇನ್ನೂ ಮಾದರಿ ತೋರಿಸುತ್ತಿದ್ದರು, ಅಮ್ಮ ನಡುವೆಯೇ ಅಂದಳು, "ಟಿಚ್ ಬಟನ್ನು!" ಜೀವನಪೂರ್ತಿ ಬ್ಲೌಸಿಗೆ, ಮಕ್ಕಳ ಅಂಗಿಗೆ ಅದನ್ನು ಹೊಲಿದವಳು. ಆ ಮಾದರಿಯನ್ನು ಕೈಯಲ್ಲಿ ತಗೊಂಡು ನಾಲ್ಕು ಸಲ ಹಾಕಿ ತೆಗೆದಳು. ಟಿಚ್, ಟಿಚ್. "ಬಟನ್ನು ಸಡ್ಲ ಆದ್ರೆ?" ಅಂತ ಕೇಳಿದಳು. ಒಳಗಿನ ಸಣ್ಣ ರಬ್ಬರಿನಂಥ ಬಳೆ ಸವೆಯುತ್ತದೆ, ಆಗಾಗ ಬದಲಾಯಿಸಬೇಕು, ಅದಕ್ಕೆ ಹೆಚ್ಚು ಖರ್ಚಿಲ್ಲ ಅಂದರು. ನಾನೂ ಅಣ್ಣನೂ ಇಷ್ಟು ದಿನ ಓದಿದವರು, ಅಷ್ಟು ಸರಿಯಾದ ಪ್ರಶ್ನೆ ಒಂದನ್ನೂ ಕೇಳಿರಲಿಲ್ಲ.

ಮನೆಗೆ ಬಂದು ಹುಡುಕಿದೆ. ಇದು ಆ ಡಾಕ್ಟರ್ ಸ್ವಂತ ಉಪಾಯ ಏನೂ ಅಲ್ಲ. 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ತಜ್ಞರು ಸೇರಿ ಇದನ್ನೇ ಹೇಳಿದ್ದರು. ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಬರೀ ಸೆಟ್ಟು ಕೊಡುವುದಕ್ಕಿಂತ, ಎರಡು ಇಂಪ್ಲಾಂಟ್ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆ ಆಗಬೇಕು ಅಂತ. ನಾವು ಮಾತ್ರ ಎರಡೇ ಬಾಗಿಲಿದೆ ಅಂದುಕೊಂಡು ನಿಂತಿದ್ದೆವು. ಸೆಟ್ಟಾ, ಇಂಪ್ಲಾಂಟಾ? ಬಡವರದ್ದಾ, ಉಳ್ಳವರದ್ದಾ? ಅಣ್ಣನಿಗೆ ದುಬಾರಿಯದು ಕೊಡಿಸಿದರೆ ಪ್ರೀತಿ ತೋರಿಸಿದ ಹಾಗೆ ಅನ್ನಿಸಿತ್ತು. ನನಗೆ ನನ್ನ ಬಾಯಲ್ಲಿ ಇರುವುದೇ ಅವಳ ಬಾಯಲ್ಲೂ ಇದ್ದರೆ ನ್ಯಾಯ ಅನ್ನಿಸಿತ್ತು. ಮೇಲಿನ ದವಡೆಗೂ ಹಾಕಿಸಿದ್ದರೆ, ಮೂಗಿನ ಪಕ್ಕದ ಗಾಳಿಗೂಡಿನ ಹತ್ತಿರ ಮೂಳೆ ಸಾಲದೆ ಅಲ್ಲಿಗೆ ಮೂಳೆ ತುಂಬಿಸುವ ಆಪರೇಷನ್ ಬೇರೆ ಬೇಕಾಗುತ್ತಿತ್ತು ಅಂತ ಸ್ಕ್ಯಾನ್ ನೋಡಿ ಹೇಳಿದರು. ಚೆನ್ನಾಗಿ ಕೂರುತ್ತಿದ್ದ ಸೆಟ್ಟನ್ನು ಎಸೆದು, ಬೇಕಿಲ್ಲದ ನೋವನ್ನು ಕೊಡಿಸುತ್ತಿದ್ದೆವು. ಎರಡು ಇಂಪ್ಲಾಂಟ್, ಹೊಸ ಕೆಳಗಿನ ಸೆಟ್ಟು ಎಲ್ಲ ಸೇರಿ 95,000 ಆಯಿತು.

ಕಾಯುವ ದಿನಗಳು

ಆಪರೇಷನ್ನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಹೊರಗೆ ಬಂದು ಮೊದಲು ಹೇಳಿದ್ದು, ಹಲ್ಲು ಕೀಳಿಸಿದ್ದೇ ಇದಕ್ಕಿಂತ ನೋವಿತ್ತು ಅಂತ. ಎರಡು ದಿನ ಗದ್ದ ಊದಿತ್ತು. ತಣ್ಣಗಿನ ಗಂಜಿ, ಮಜ್ಜಿಗೆ ಅನ್ನ. ಈಗ ಇಂಪ್ಲಾಂಟ್ ವಸಡಿನ ಒಳಗೆ ಮುಚ್ಚಿಕೊಂಡಿದೆ. ಮೂಳೆ ಅದನ್ನು ಹಿಡಿಯಲು ಮೂರು ತಿಂಗಳು ಬಿಡಬೇಕು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹಿಡಿಯುತ್ತವೆ. ಹಿಡಿಯದಿದ್ದವೂ ಇರುತ್ತವೆ ಅಂತ ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಹಿಡಿದ ಮೇಲೂ ಸುಮ್ನೆ ಬಿಡುವ ಹಾಗಿಲ್ಲ. ಇಂಪ್ಲಾಂಟಿಗೆ ಹುಳುಕು ಹತ್ತುವುದಿಲ್ಲ, ನಿಜ. ಆದರೆ ಸುತ್ತ ಕೊಳೆ ಕೂತರೆ ವಸಡು ಕೆಟ್ಟು, ಹಿಡಿದ ಮೂಳೆಯೇ ಕರಗುತ್ತದೆ. ಆ ಗುಬಟುಗಳನ್ನು ದಿನಾ ಮೆತ್ತನೆ ಬ್ರಷ್‌ನಿಂದ ಉಜ್ಜಬೇಕು.

ಸೆಟ್ಟಿನ ಬಗ್ಗೆಯೂ ನಾವು ತಪ್ಪು ಮಾಡುತ್ತಿದ್ದೆವು. ಡಬ್ಬಿಯಲ್ಲಿ ಒಣಗಿಸಿ ಇಡಬಾರದು, ನೀರಿನಲ್ಲಿ ಇಡಬೇಕು, ಇಲ್ಲದಿದ್ದರೆ ಆಕಾರ ಕೆಡಬಹುದು. ಬಿಸಿನೀರಿಗೂ ಹಾಕಬಾರದು. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬೀಳುತ್ತದೆ, ಸೋಪಿನ ನೀರು ಸಾಕು. ರಾತ್ರಿ ತೆಗೆದೇ ಮಲಗಬೇಕು. ಹಾಕಿಕೊಂಡೇ ಮಲಗುವವರಿಗೆ ಅಂಗುಳ ಕೆಂಪಾಗಿ ಬೂಷ್ಟು ಸೋಂಕು ಬರಬಹುದು. ಮನೆಯಲ್ಲಿ ಯಾರಿಗಾದರೂ ಸೆಟ್ಟು ಇದ್ದರೆ ಒಂದು ಸಲ ಕೇಳಿ ನೋಡಿ, ಹೇಗೆ ಇಡುತ್ತಾರೆ ಅಂತ. ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ನೋಡಿ. ದಯವಿಟ್ಟು.

ಬರುವ ಗುರುವಾರ ವಸಡು ತೆರೆದು ನೋಡುತ್ತಾರೆ. ಸರಿಯಾಗಿ ಹಿಡಿದಿದ್ದರೆ ಮೇಲಿನ ಭಾಗ ಕೂರಿಸಿ, ವಸಡು ಮಾಗಿದ ಮೇಲೆ ಹೊಸ ಸೆಟ್ಟಿಗೆ ಅಳತೆ. ಅಮ್ಮ ಬುಧವಾರದ ರೈಲಿಗೆ ಬರುತ್ತಾಳೆ. ನಿನ್ನೆ ಫೋನ್ ಮಾಡಿ, ಗುರುವಾರದ ಕೆಲಸ ಶುಕ್ರವಾರಕ್ಕೆ ಹೋಗಲ್ಲ ತಾನೇ ಅಂತ ಕೇಳಿದಳು. ಇಲ್ಲ ಅಂದೆ. ಯಾಕಮ್ಮ ಅಂದೆ. ಹಿಂದೆ ಯಾರೋ ಮಿಷನ್ ಹತ್ತಿರ ಬ್ಲೌಸಿನ ಅಳತೆ ಹೇಳುತ್ತಿದ್ದರು. "ಶನಿವಾರ ಊರಲ್ಲಿರಬೇಕು" ಅಂದಳು. "ಹಾಡೋದಿಲ್ಲ ಕಣೆ, ಸುಮ್ನೆ ಹಿಂದೆ ಕೂತ್ಕೊಂಡು ತಾಳ ಹಾಕಿ ಬರ್ತೀನಿ."